ಹದಿಹರೆಯದವರನ್ನು ಹಿಡಿದು ಕೂರಿಸುವ ಮೊದಲ ಮೂರು ನಿಮಿಷ: ಸಾಮಾಜಿಕ ವಾಸ್ತವದ ಸಿನಿಮಾಗೆ ಓಪನಿಂಗ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಹಾಸ್ಟೆಲ್ ಜೀವನ, ಕೂಲಿ, ಜಾತಿ, ಬಾಲ್ಯವಿವಾಹ, ಓದು ಬಿಟ್ಟ ಮಕ್ಕಳು. ಇಂಥ ವಿಷಯ ಇಟ್ಟುಕೊಂಡು ಸಿನಿಮಾ ಮಾಡುವ ಹೊಸಬರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಾರೆ. ಪಿಯು ಕಾಲೇಜಿನಲ್ಲಿ ಪ್ರದರ್ಶನ ಇಡುತ್ತಾರೆ. ಎರಡನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಫೋನ್ ಬೆಳಕು ಕಾಣಿಸುತ್ತದೆ. ಮೂರನೇ ನಿಮಿಷಕ್ಕೆ ಪಿಸುಮಾತು. ಆಮೇಲೆ "ಈಗಿನ ಹುಡುಗರಿಗೆ ಗಂಭೀರ ಸಿನಿಮಾ ಬೇಡ" ಅನ್ನುವ ತೀರ್ಮಾನ.

ಆ ತೀರ್ಮಾನ ತಪ್ಪು. ಹದಿನಾರರ ಹುಡುಗಿಗೆ ಸೀಟಿಲ್ಲದ ಬಸ್ಸು ಗೊತ್ತು, ಮನೆಯ ಸಾಲ ಗೊತ್ತು. ಅವಳು ಎದ್ದು ಹೋಗುವುದು ವಾಸ್ತವದಿಂದಲ್ಲ. ಅವಳ ಬದುಕನ್ನು ದೊಡ್ಡವರು ದೂರದಲ್ಲಿ ನಿಂತು "ಅಯ್ಯೋ ಪಾಪ" ಅಂತ ನೋಡುತ್ತಿದ್ದಾರೆ ಅನ್ನುವುದು ಮೊದಲ ಶಾಟ್‌ನಲ್ಲೇ ಅವಳಿಗೆ ತಿಳಿದುಬಿಡುತ್ತದೆ, ಅದಕ್ಕೆ. ಹಾಗಾಗಿ ಓಪನಿಂಗ್ ಶುರುವಾಗಬೇಕಾದ್ದು ಸಮಾಜದ ಸಮಸ್ಯೆಯಿಂದಲ್ಲ, ಒಬ್ಬ ಹುಡುಗನಿಗೋ ಹುಡುಗಿಗೋ ಈ ಕ್ಷಣ ಬೇಕಾಗಿರುವ ಒಂದು ವಸ್ತುವಿನಿಂದ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರನ್ನು ಹಾರಿಸಿ ಕ್ಯಾಮೆರಾ ಎತ್ತಿದರೆ ಎಡಿಟಿಂಗ್ ಟೇಬಲ್ ಮೇಲೆ ಏನೂ ಸರಿಹೋಗುವುದಿಲ್ಲ.

ಮೊದಲು ಕೈಗೆ ಬೇಕಾದ ಸಾಮಾನು

ಒಳ್ಳೆಯ ಫೋನ್ ಇದ್ದರೂ ಸಾಕು, ಆದರೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಹೊತ್ತು), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಿಸುವ ಸೆಟ್ಟಿಂಗ್) ಮೂರನ್ನೂ ಲಾಕ್ ಮಾಡಲು ಆಗಬೇಕು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಇದಕ್ಕೆ ಉಚಿತವಾಗಿ ಸಿಗುತ್ತದೆ. ಎರಡು ಕಾಲರ್ ಮೈಕ್, ಒಂದು ರೆಕಾರ್ಡರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಆಯ್ತು. ಬಜೆಟ್ ಕಡಿಮೆಯಿದ್ದರೆ ಲೆನ್ಸ್ ಬಿಡಿ, ಮೈಕ್ ಬಿಡಬೇಡಿ.

ಇದೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಸಿನಿಮಾ ಬಗ್ಗೆ ಏನೂ ಗೊತ್ತಿಲ್ಲದ ಎಂಟು-ಹತ್ತು ಹುಡುಗ ಹುಡುಗಿಯರು ಬೇಕು. ಅವರನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ. ಕಥೆ ಹೇಳಬೇಡಿ. ಕೊನೆಯ ಹಂತಕ್ಕೆ ಅವರೇ ಬೇಕು.

ಹಂತ 1: ಯಾವ ವಯಸ್ಸು, ಯಾವ ಸರ್ಟಿಫಿಕೇಟ್

"ಹದಿಹರೆಯದವರು" ಅಂತ ಒಂದೇ ಗುಂಪಿಲ್ಲ. ಎಂಟನೇ ಕ್ಲಾಸಿನ ಹುಡುಗನಿಗೂ ಸೆಕೆಂಡ್ ಪಿಯು ಹುಡುಗನಿಗೂ ಭಯಗಳೇ ಬೇರೆ. ಯಾರಿಗಾಗಿ ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ: "ತಾಲ್ಲೂಕು ಊರಿನಲ್ಲಿ ಪಿಯುಸಿ ಓದುವ, ಹಳ್ಳಿಯಿಂದ ಬಸ್ಸಲ್ಲಿ ಬರುವ ಹುಡುಗಿಯರು." ಇಷ್ಟು ಕಿರಿದಾಗಿರಲಿ.

ಥಿಯೇಟರ್‌ಗೆ ಬಿಡುವ ಆಲೋಚನೆ ಇದ್ದರೆ ಸೆನ್ಸಾರ್ ವಿಷಯ ಚಿತ್ರಕಥೆ ಹಂತದಲ್ಲೇ ಬರಬೇಕು. 2024ರ ನಿಯಮಗಳಿಂದ ಯುಎ ವರ್ಗ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಇವು ಪೋಷಕರಿಗೆ ಕೊಡುವ ಸೂಚನೆ, ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ. ಆದರೆ 'ಎ' ಬಿದ್ದರೆ 18 ತುಂಬದವರು ಒಳಗೆ ಬರುವ ಹಾಗೇ ಇಲ್ಲ. ಯಾರಿಗಾಗಿ ಮಾಡಿದಿರೋ ಅವರೇ ಹೊರಗೆ. ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಕೆನ್ ಲೋಚ್ ಅವರ 2002ರ 'ಸ್ವೀಟ್ ಸಿಕ್ಸ್‌ಟೀನ್' ಹದಿನಾರಕ್ಕೆ ಕಾಲಿಡುತ್ತಿರುವ ಸ್ಕಾಟ್ಲೆಂಡಿನ ಹುಡುಗನ ಕಥೆ. ಅದರ ಬೈಗುಳದ ಮಾತಿಗಾಗಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ 18ರ ಸರ್ಟಿಫಿಕೇಟ್ ಕೊಟ್ಟಿತು.

ಬೈಗುಳವೇ ಬೇಡ ಅಂತಲ್ಲ. ಬೀಪ್ ಹಾಕಿಸಿಕೊಳ್ಳುವ ಮಾತು ಮೊದಲ ಮೂರು ನಿಮಿಷದಲ್ಲಿ ಮಾತ್ರ ಬೇಡ. ನಿಜವಾದ ಜಗಳದ ನಡುವೆ ಒಂದು ಬೀಪ್ ಬಂದರೆ ಹುಡುಗರು ನಗುತ್ತಾರೆ, ಅಲ್ಲಿಗೆ ಆ ದೃಶ್ಯ ಸತ್ತಂತೆ.

ಇನ್ನೊಂದು, ಬಹಳ ಜನ ಲೆಕ್ಕಕ್ಕೇ ತಗೊಳ್ಳದ್ದು: ಬೀಡಿ. ಬಡ ಅಪ್ಪ ಅಂದರೆ ಜಗಲಿ ಮೇಲೆ ಬೀಡಿ ಎಳೆಯುತ್ತಾ ಕೂತಿರಬೇಕು ಅನ್ನುವುದು ರೂಢಿ. ಸಿನಿಮಾದಲ್ಲಿ ಎಲ್ಲೇ ತಂಬಾಕು ಕಾಣಿಸಿದರೂ ಥಿಯೇಟರ್‌ನಲ್ಲಿ ಶುರುವಿಗೊಮ್ಮೆ, ನಡುವೆ ಒಮ್ಮೆ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ ಮತ್ತು ಕನಿಷ್ಠ 20 ಸೆಕೆಂಡಿನ ಎಚ್ಚರಿಕೆ ಹಾಕಲೇಬೇಕು. ಬೀಡಿ ಕಾಣುವಷ್ಟು ಹೊತ್ತೂ ಪರದೆಯ ಕೆಳಗೆ ಅಕ್ಷರ ಇರಬೇಕು. ನೀವು ಒಂದು ಫ್ರೇಮ್ ತೋರಿಸುವ ಮೊದಲೇ 50 ಸೆಕೆಂಡ್ ಹೋಯಿತು. ಕಥೆಗೆ ಬೀಡಿ ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ. ಹತ್ತರಲ್ಲಿ ಒಂಬತ್ತು ಸಲ ಬೇಡ.

ಹಂತ 2: ಬೇಕಿರುವುದು ಏನು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

ಹೆಚ್ಚಿನ ಸ್ಕ್ರಿಪ್ಟ್ ಸೋಲುವುದು ಇಲ್ಲಿ. "ಹೆಣ್ಣುಮಕ್ಕಳ ಶಿಕ್ಷಣದ ಸಮಸ್ಯೆ" ಅನ್ನುವುದು ವಿಷಯ. ಅದನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗುವುದಿಲ್ಲ. "ಇವತ್ತು ಸಂಜೆಯೊಳಗೆ ಸವಿತಾಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು. ಓಟಿಪಿ ಬರುವ ಫೋನ್ ಅಣ್ಣನ ಹತ್ತಿರ ಇದೆ." ಇದನ್ನು ಹಿಡಿಯಬಹುದು.

ಈ ಉದಾಹರಣೆಯನ್ನೇ ಕೊನೆವರೆಗೂ ಇಟ್ಟುಕೊಳ್ಳೋಣ. ಇದರಲ್ಲಿ ಮೂರು ವಿಷಯ ಇವೆ, ನೋಡಿ. ಒಂದು, ಕೈಗೆ ಸಿಗಬೇಕಾದ ವಸ್ತು. ಎರಡು, ಗಡುವು. ಮೂರು, ಅಡ್ಡ ಬರುವ ಒಬ್ಬ ವ್ಯಕ್ತಿ, ಅವನೂ ಕೆಟ್ಟವನೇನಲ್ಲ. ಮನೆಯ ಹೆಣ್ಣುಮಗಳ ಹೆಸರಲ್ಲಿ ಫೋನ್ ಇಲ್ಲ ಅನ್ನುವ ಸಾಮಾಜಿಕ ಸತ್ಯ ಇದರೊಳಗೇ ಇದೆ. ಯಾರೂ ಭಾಷಣ ಮಾಡಬೇಕಾಗಿಲ್ಲ.

ನಿಮ್ಮ ಸಾಲನ್ನು ಹೀಗೆ ಪರೀಕ್ಷೆ ಮಾಡಿ: ಸಾಲಿನಲ್ಲಿ "ಶೋಷಣೆ", "ಸಂಕಷ್ಟ", "ವ್ಯವಸ್ಥೆ" ಅನ್ನುವ ಪದ ಇದ್ದರೆ ಹರಿದುಹಾಕಿ. ಬಸ್ಸು, ಹಾಲ್ ಟಿಕೆಟ್, ಯೂನಿಫಾರ್ಮ್, ಚಾರ್ಜರ್, 200 ರೂಪಾಯಿ, ಹೀಗೆ ಕೈಯಲ್ಲಿ ಹಿಡಿಯುವ ಏನಾದರೂ ಇದ್ದರೆ ಮುಂದೆ ಹೋಗಿ.

ಹಂತ 3: ಮಾತು ಕೇಳಿಸಿಕೊಳ್ಳಿ, ಆಮೇಲೆ ಬರೆಯಿರಿ

ಕಥೆ ನಡೆಯುವ ಊರಿನ ಬಸ್ ಸ್ಟ್ಯಾಂಡ್, ಸೈಬರ್ ಸೆಂಟರ್, ಟ್ಯೂಷನ್ ಹೊರಗಿನ ಕಟ್ಟೆಯಲ್ಲಿ ಸಮಯ ಕಳೆಯಿರಿ. ಮಕ್ಕಳ ಮಾತನ್ನು ಕದ್ದು ರೆಕಾರ್ಡ್ ಮಾಡಬೇಡಿ. ಮನೆಗೆ ಬಂದು ನೆನಪಿದ್ದಷ್ಟು ಬರೆದಿಡಿ.

ಸಿನಿಮಾ ಕನ್ನಡಕ್ಕೆ ಒಂದು ರೋಗವಿದೆ. ರಾಣೆಬೆನ್ನೂರಿನ ಹುಡುಗಿ ಬೆಂಗಳೂರಿನ ಕನ್ನಡ ಮಾತಾಡುತ್ತಾಳೆ, ಇಲ್ಲವೇ ಕಾಮಿಡಿಯಲ್ಲಿ ಬರುವ ಉತ್ತರ ಕರ್ನಾಟಕದ ಕನ್ನಡ ಮಾತಾಡುತ್ತಾಳೆ. ಎರಡೂ ಸುಳ್ಳು. ಹದಿಹರೆಯದವರ ಕಿವಿ ಇದರಲ್ಲಿ ತುಂಬಾ ಚುರುಕು. ಸಾಲು ಸಾಲಾಗಿ ಡೈಲಾಗ್ ಬರೆದು ಬಾಯಿಪಾಠ ಮಾಡಿಸುವ ಬದಲು ಸನ್ನಿವೇಶ ಹೇಳಿ, ಅಲ್ಲಿಯವರ ಬಾಯಿಂದಲೇ ಬರಲಿ. ಹಾಗೆ ಬಂದರೆ ಸೈಬರ್ ಸೆಂಟರ್‌ನವನಿಗೂ ಸವಿತಾಗೂ ನಡೆಯುವ ಮಾತು ಹೀಗಿರುತ್ತದೆ:

"ಓಟಿಪಿ ಬಂತೇನವಾ?"
"ಅಣ್ಣನ ಫೋನಿಗೆ ಬರ್ತೈತ್ರಿ."
"ಅಣ್ಣ ಎಲ್ಲದಾನ?"
"ಕೆಲಸಕ್ಕ ಹೋಗ್ಯಾನ್ರಿ."

ನಾಲ್ಕು ಸಾಲು. ಇದಕ್ಕಿಂತ ಜಾಸ್ತಿ ಬೇಕಿಲ್ಲ. "ಸಖತ್ ಮಗಾ" ಥರದ ಮಾತು ತುಂಬಿಸಿ ಹುಡುಗರನ್ನು ಒಲಿಸಿಕೊಳ್ಳಲು ಹೋಗಬೇಡಿ. ಅವರ ಆಡುಮಾತು ವರ್ಷದಲ್ಲಿ ಹಳತಾಗುತ್ತದೆ, ನಿಮ್ಮ ಸಿನಿಮಾ ಬಿಡುಗಡೆಯಾಗಲು ಎರಡು ವರ್ಷ ಬೇಕು.

ಹಂತ 4: ಹುಡುಗರನ್ನು ಆರಿಸುವುದು, ಅವರ ಹಕ್ಕು ಕಾಯುವುದು

ಇಪ್ಪತ್ತೈದರ ನಟಿಗೆ ಎರಡು ಜಡೆ ಹಾಕಿ ಪಿಯು ಹುಡುಗಿ ಮಾಡಿದರೆ ಮೊದಲ ಕ್ಲೋಸಪ್‌ನಲ್ಲೇ ಆಟ ಮುಗಿಯಿತು. ನಿಜವಾದ ವಯಸ್ಸಿನವರನ್ನೇ ಹುಡುಕಿ. ಆಡಿಷನ್‌ನಲ್ಲಿ ಅಳಿಸಿ ನೋಡಬೇಡಿ. ಒಂದು ಕೆಲಸ ಕೊಡಿ: ಅರ್ಜಿ ತುಂಬುವುದು, ಕರೆನ್ಸಿ ಮುಗಿದ ಫೋನಿಂದ ಕರೆ ಮಾಡಲು ನೋಡುವುದು. ಕೆಲಸದಲ್ಲಿ ಮುಳುಗಿ ಕ್ಯಾಮೆರಾ ಮರೆಯುವವರು ನಿಮಗೆ ಬೇಕು.

14 ತುಂಬದ ಮಕ್ಕಳಿದ್ದರೆ ಕಾನೂನು ಸ್ಪಷ್ಟವಾಗಿದೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ವಿರಾಮವಿಲ್ಲದೆ 3 ಗಂಟೆ ದಾಟುವ ಹಾಗಿಲ್ಲ, ಸತತ 27 ದಿನ ಮೀರುವಂತಿಲ್ಲ. ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು. ಮಗುವಿನ ಸಂಭಾವನೆಯಲ್ಲಿ ಕನಿಷ್ಠ 20 ಶೇಕಡಾ ಅದರ ಹೆಸರಲ್ಲೇ ಠೇವಣಿ ಇಡಬೇಕು. 14ರಿಂದ 18ರ ನಡುವಿನವರಿಗೂ ಪೋಷಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಪರೀಕ್ಷೆ ದಿನಗಳಲ್ಲಿ ಶೂಟಿಂಗ್ ಇಡಬೇಡಿ. ಮಕ್ಕಳ ಕಷ್ಟದ ಬಗ್ಗೆ ಸಿನಿಮಾ ಮಾಡುತ್ತಾ ಅದೇ ಮಕ್ಕಳನ್ನು ಬಿಸಿಲಲ್ಲಿ ದಿನವಿಡೀ ನಿಲ್ಲಿಸುವುದನ್ನು ಒಪ್ಪಲು ಸಾಧ್ಯವೇ ಇಲ್ಲ.

ಹಂತ 5: ಮೂರು ನಿಮಿಷವನ್ನು ಕಾಗದದ ಮೇಲೆ ಕಟ್ಟಿ

ಎಲ್ಲರೂ ಮಾಡುವ ಓಪನಿಂಗ್ ಹೇಗಿರುತ್ತದೆ ಗೊತ್ತಲ್ವಾ? ಕೃತಜ್ಞತೆಗಳ ನಾಲ್ಕು ಸ್ಲೈಡ್. ಅರ್ಪಣೆ, ಫೋಟೋ ಸಮೇತ. ಬ್ಯಾನರ್ ಲೋಗೋ. ಬೆಳಗಿನ ಮಂಜಿನ ಮೇಲೆ ಡ್ರೋನ್. ಕೋಳಿ ಕೂಗು, ಕೊಳಲು. ಅಜ್ಜಿ ಅಂಗಳ ಗುಡಿಸುತ್ತಾಳೆ. "ಇದು ನಮ್ಮ ಹಳ್ಳಿ..." ಅಂತ ಹಿನ್ನೆಲೆ ದನಿ. ಇಷ್ಟರಲ್ಲಿ ಎರಡೂವರೆ ನಿಮಿಷ ಆಯಿತು, ಇನ್ನೂ ಯಾರಿಗೂ ಏನೂ ಬೇಕಾಗಿಲ್ಲ.

ಕೃತಜ್ಞತೆ, ಅರ್ಪಣೆ ಎರಡನ್ನೂ ಕೊನೆಗೆ ಕಳಿಸಿ. ಸಹಾಯ ಮಾಡಿದವರಿಗೆ ಮೊದಲೇ ಹೇಳಿ ಒಪ್ಪಿಸಿಬಿಡಿ, ಆಮೇಲೆ ಮನಸ್ತಾಪ ಬೇಡ. ಉಳಿದದ್ದನ್ನು ಮೂರು ತುಂಡು ಮಾಡಿ.

*ಮೊದಲ 10 ಸೆಕೆಂಡ್.* ಪರದೆ ಕಪ್ಪಗಿರುವಾಗಲೇ ಶಬ್ದ ಬರಲಿ. ಸವಿತಾಳ ಕಥೆಯಲ್ಲಿ ಅದು ಪ್ರಿಂಟರ್ ಕಿರುಗುಟ್ಟುವ ಸದ್ದು, ಹೊರಗೆ ಕಂಡಕ್ಟರ್ ಕೂಗು. ಮೊದಲ ಚಿತ್ರ ಅವಳ ಕೈ: ಆಧಾರ್ ಕಾರ್ಡಿನ ಲ್ಯಾಮಿನೇಷನ್ ಅಂಚು ಕಿತ್ತಿದೆ, ಅದನ್ನು ಉಗುರಲ್ಲಿ ಒತ್ತಿ ಒತ್ತಿ ಅಂಟಿಸುತ್ತಿದ್ದಾಳೆ. ಮುಖ ಇನ್ನೂ ಕಂಡಿಲ್ಲ. ಆದರೆ ಅವಳಿಗೆ ಆತಂಕ ಇದೆ ಅಂತ ಗೊತ್ತಾಯಿತು.

*10ರಿಂದ 60 ಸೆಕೆಂಡ್.* ಸಾಲು ಮುಂದೆ ಸರಿಯುತ್ತದೆ. ಸೈಬರ್‌ನವನು ತಲೆ ಎತ್ತದೆ ನಂಬರ್ ಕುಟ್ಟುತ್ತಾನೆ. ಮೇಲಿನ ನಾಲ್ಕು ಸಾಲು ಮಾತು ಇಲ್ಲಿ. ಒಂದು ನಿಮಿಷದೊಳಗೆ ಬೇಕಿರುವುದು ಏನು, ಅಡ್ಡಿ ಏನು ಎರಡೂ ನೋಡುವವರಿಗೆ ತಿಳಿದಿರಬೇಕು. ಇದು ಈ ಮಾರ್ಗದರ್ಶಿಯ ಅತಿ ಕಟ್ಟುನಿಟ್ಟಿನ ನಿಯಮ.

*60ರಿಂದ 180 ಸೆಕೆಂಡ್.* ಅವಳೇ ಏನಾದರೂ ಮಾಡಬೇಕು. ಸುಮ್ನೆ ಅಳುತ್ತಾ ನಿಂತರೆ ನೋಡುವವರು ಕೈಬಿಡುತ್ತಾರೆ. ಸೈಬರ್‌ನವನ ಫೋನ್ ಕೇಳಿ ಅಣ್ಣನಿಗೆ ಕರೆ ಮಾಡುತ್ತಾಳೆ. ಅಣ್ಣನಿಗೆ ಗೊತ್ತಿಲ್ಲದ ನಂಬರ್, ಅವನು ಎತ್ತುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಮತ್ತೆ ಮಾಡುತ್ತಾಳೆ. ಈ ಸಲ ಎತ್ತುತ್ತಾನೆ. ಅವನ ಮೊದಲ ಮಾತು ಓಟಿಪಿ ಬಗ್ಗೆ ಅಲ್ಲ. "ಯಾರ ಫೋನದು?" ಅವಳು ಸೈಬರ್‌ನವನ ಕಡೆ ನೋಡುತ್ತಾಳೆ. ಉತ್ತರ ಕೊಡುವ ಮೊದಲೇ ಕಟ್. ಟೈಟಲ್.

ಆ ಒಂದು ಪ್ರಶ್ನೆಯಲ್ಲಿ ಮನೆಯ ಪೂರ್ತಿ ಹವಾಮಾನ ಇದೆ. ಅಣ್ಣ ಸಿಟ್ಟಾಗಬೇಕಿಲ್ಲ, ಹೊಡೆಯಬೇಕಿಲ್ಲ. ಸಾಧಾರಣ ದನಿಯಲ್ಲಿ ಕೇಳಿದರೇ ಹೆಚ್ಚು ಚುಚ್ಚುತ್ತದೆ. ನೋಡುವ ಹುಡುಗಿಯರಲ್ಲಿ ಬಹಳ ಮಂದಿಗೆ ಆ ಪ್ರಶ್ನೆ ಪರಿಚಯ ಇದೆ. ಹುಡುಗರಲ್ಲಿ ಕೆಲವರು ಅದನ್ನು ತಾವೇ ಕೇಳಿದ್ದಾರೆ. ಇಬ್ಬರೂ ಸೀಟಿನಲ್ಲಿ ಕೂರುತ್ತಾರೆ.

ಎಚ್ಚರಿಕೆ: ಮೂರು ನಿಮಿಷದೊಳಗೆ ಸಾವು, ಅತ್ಯಾಚಾರ, ಆತ್ಮಹತ್ಯೆ ಇಟ್ಟು ಬೆಚ್ಚಿಬೀಳಿಸುವ ದಾರಿ ಹಿಡಿಯಬೇಡಿ. ನೋಡುವವರಲ್ಲಿ ಅಂಥದ್ದನ್ನು ಅನುಭವಿಸಿದ ಮಕ್ಕಳಿರಬಹುದು. ಆ ಪಾತ್ರ ಯಾರು ಅಂತ ಇನ್ನೂ ಗೊತ್ತಿಲ್ಲದಾಗ ಅದರ ನೋವು ಬರೀ ಸರಕಾಗುತ್ತದೆ.

ಹಂತ 6: ಶೂಟಿಂಗ್

ಕ್ಯಾಮೆರಾ ಹುಡುಗಿಯ ಕಣ್ಣಿನ ಎತ್ತರದಲ್ಲಿರಲಿ. ಮೇಲಿನಿಂದ ನೋಡಿದರೆ ಮತ್ತೆ ಅದೇ "ಅಯ್ಯೋ ಪಾಪ". ಕೈಯಲ್ಲಿ ಹಿಡಿದು ಶೂಟ್ ಮಾಡುವುದು ಸರಿ, ಆದರೆ ಬೇಕಂತಲೇ ಅಲ್ಲಾಡಿಸಬೇಡಿ. ಅವಳು ನಿಂತಾಗ ಕ್ಯಾಮೆರಾನೂ ನಿಲ್ಲಲಿ.

ಸೈಬರ್ ಸೆಂಟರ್, ಹಾಸ್ಟೆಲ್, ಕ್ಲಾಸ್‌ರೂಮಿನ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣಮಿಣ ಅನ್ನುವುದು ಸಾಮಾನ್ಯ ದೂರು. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 24 ಅಥವಾ 25 ಫ್ರೇಮ್ ಇಟ್ಟು ಶಟರ್ 1/50 ಸೆಕೆಂಡಿಗೆ ಲಾಕ್ ಮಾಡಿದರೆ ಹೆಚ್ಚಿನ ಕಡೆ ನಿಲ್ಲುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಆಗಲೂ ಬರಬಹುದು, ಹಾಗಾಗಿ ಹಿಂದಿನ ದಿನವೇ ಹೋಗಿ ಅರ್ಧ ನಿಮಿಷ ಶೂಟ್ ಮಾಡಿ ನೋಡಿ. ಹೊರಗೆ ಬಿಸಿಲಲ್ಲಿ ಇದೇ ಶಟರ್‌ಗೆ ಚಿತ್ರ ಬೆಳ್ಳಗಾಗುತ್ತದೆ, ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಿ.

ಡಬ್ಬಿಂಗ್ ಮೇಲೆ ಭಾರ ಹಾಕಬೇಡಿ. ಹೊಸ ಹುಡುಗರು ಸ್ಟುಡಿಯೋದಲ್ಲಿ ಅದೇ ಮಾತನ್ನು ಅದೇ ಉಸಿರಲ್ಲಿ ಹೇಳಲಾರರು. ಜಾಗದಲ್ಲೇ ಮಾತು ಹಿಡಿಯಿರಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಶಬ್ದ ರೆಕಾರ್ಡ್ ಮಾಡಿ. ಕಟ್‌ಗಳ ನಡುವಿನ ಬಿರುಕು ಮುಚ್ಚಲು ಅದೇ ಬೇಕು. ಸವಿತಾಳ ದೃಶ್ಯದಲ್ಲಿ ಅಣ್ಣನ ದನಿಯನ್ನೂ ನಿಜವಾಗಿ ಫೋನಿನಲ್ಲೇ ಕೇಳಿಸಿ, ನಟಿಯ ಉತ್ತರ ತಾನಾಗಿ ಬರುತ್ತದೆ.

ಬಸ್ ಸ್ಟ್ಯಾಂಡ್‌ನಂಥ ಕಡೆ ಜನ ಕ್ಯಾಮೆರಾ ನೋಡುತ್ತಾರೆ. ಅನುಮತಿ ಪಡೆದು, ಚಿಕ್ಕ ತಂಡದಲ್ಲಿ ಹೋಗಿ, ಮೊದಲ ಅರ್ಧ ಗಂಟೆ ಏನೂ ಶೂಟ್ ಮಾಡದೆ ನಿಂತಿರಿ. ಕುತೂಹಲ ತಣಿದ ಮೇಲೆ ಶುರು ಮಾಡಿ.

ಹಂತ 7: ಪರದೆಯೊಳಗಿನ ಫೋನ್

ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಹದಿಹರೆಯದವರು ಮೊದಲು ಹಿಡಿಯುವ ಸುಳ್ಳು ಇದೇ. ಸಿನಿಮಾದ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಶುದ್ಧ ಕನ್ನಡ ಲಿಪಿಯಲ್ಲಿ, ಪೂರ್ಣವಿರಾಮ ಸಮೇತ ಬರೆಯುತ್ತಾನೆ. ನಿಜದಲ್ಲಿ ಹೆಚ್ಚಿನವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಅರ್ಧಂಬರ್ಧ ಕಾಗುಣಿತದಲ್ಲಿ ಕುಟ್ಟುತ್ತಾರೆ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಫೋನೂ ಹೊಳೆಯಬಾರದು. ಮೂಲೆಯಲ್ಲಿ ಗಾಜು ಒಡೆದಿರಲಿ, ಚಾರ್ಜ್ ಕಡಿಮೆ ಇರಲಿ. ಮೆಸೇಜ್ ಓದಲೇಬೇಕಾದ್ದಾದರೆ ಎರಡು ಸಲ ಓದುವಷ್ಟು ಹೊತ್ತು ಶಾಟ್ ನಿಲ್ಲಿಸಿ.

ಹಂತ 8: ಎಡಿಟಿಂಗ್

ಮೊದಲ ಕಟ್ ಸಂಗೀತವಿಲ್ಲದೆ ಮಾಡಿ. ಸಂಗೀತ ಹಾಕಿದ ಮೇಲಷ್ಟೇ ದೃಶ್ಯ ಕೂರುತ್ತದೆ ಅಂದರೆ ದೃಶ್ಯ ಕೂತಿಲ್ಲ ಅಂತಲೇ ಅರ್ಥ. ದುಃಖದ ವಯಲಿನ್ ಬೇಡವೇ ಬೇಡ.

ಹುಡುಗರಿಗೆ ವೇಗ ಬೇಕು ಅಂತ ಸೆಕೆಂಡಿಗೊಂದು ಕಟ್ ಹಾಕುವುದು ಇನ್ನೊಂದು ತಪ್ಪು. ಅವರು ರೀಲ್ಸ್ ನೋಡುತ್ತಾರೆ, ನಿಜ. ಆದರೆ ಮುಂದೇನು ಅನ್ನುವ ಪ್ರಶ್ನೆ ಇದ್ದರೆ 40 ಸೆಕೆಂಡಿನ ಒಂದೇ ಶಾಟನ್ನೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಸವಿತಾಳ ಎರಡನೇ ಕರೆಯಲ್ಲಿ ಕಟ್ ಮಾಡಬೇಡಿ. ರಿಂಗ್ ಆಗುವಷ್ಟು ಹೊತ್ತೂ ಅವಳ ಮುಖದ ಮೇಲೇ ಇರಿ.

ಹೆಸರಾದ ಸಿನಿಮಾ ಹಾಡನ್ನು ಹಿನ್ನೆಲೆಗೆ ಬಳಸುವ ಆಸೆ ಬರುತ್ತದೆ. ಹಕ್ಕು ಪಡೆಯದೆ ಹಾಕಿದರೆ ಯೂಟ್ಯೂಬ್‌ನಲ್ಲಿ ಹಾಡಿನ ಹಕ್ಕುದಾರರ ಕಾಪಿರೈಟ್ ಕ್ಲೇಮ್ ಬೀಳುತ್ತದೆ, ಥಿಯೇಟರ್‌ಗೆ ಬಿಡುವಾಗ ದೊಡ್ಡ ತಲೆನೋವಾಗುತ್ತದೆ. ಅಂಗಡಿಯ ರೇಡಿಯೋದಿಂದ ಹಾಡು ಕೇಳಿಸಿದರೂ ನಿಯಮ ಅದೇ.

ಹಂತ 9: ನಿಜವಾದ ಪರೀಕ್ಷೆ

ಈಗ ಆ ಎಂಟು-ಹತ್ತು ಮಂದಿಯನ್ನು ಕರೆಯಿರಿ. ಕಾಲೇಜಿನಲ್ಲಿ ಮಾಡುವುದಾದರೆ ಪ್ರಾಂಶುಪಾಲರ ಅನುಮತಿ ಪಡೆಯಿರಿ, ಆದರೆ ಉಪನ್ಯಾಸಕರು ಕೋಣೆಯಲ್ಲಿ ಇರುವುದು ಬೇಡ ಅಂತ ವಿನಂತಿಸಿ. ಅವರಿದ್ದರೆ ಮಕ್ಕಳು ಶಿಸ್ತಿಗಾಗಿ ನೋಡುತ್ತಾರೆ. ಇದು ನಿಮ್ಮ ಸಿನಿಮಾ ಅಂತ ಹೇಳಬೇಡಿ. ಫೋನ್ ತೆಗೆದಿಡಲೂ ಹೇಳಬೇಡಿ.

ಓಪನಿಂಗ್ ಮಾತ್ರ ಹಾಕದೆ ಹತ್ತು ನಿಮಿಷ ಹಾಕಿ. ನೀವು ಪರದೆ ಬಿಟ್ಟು ಅವರ ಮುಖ ನೋಡಿ. ಮೊದಲ ಫೋನ್ ಬೆಳಕು ಯಾವ ಸೆಕೆಂಡಿನಲ್ಲಿ ಬಂತು, ಯಾರು ಪಕ್ಕದವರ ಕಡೆ ತಿರುಗಿದರು, ಎಲ್ಲಿ ನಕ್ಕರು ಅಂತ ಬರೆದುಕೊಳ್ಳಿ. ನಗು ಎರಡು ಥರ. "ನಮ್ಮ ಮನೇಲೂ ಹೀಗೇ" ಅನ್ನುವ ನಗು ಬಂದರೆ ಗೆದ್ದಿರಿ. ನಟನೆ ನೋಡಿ ನಕ್ಕರೆ ಆ ಶಾಟ್ ತೆಗೆಯಿರಿ.

ಆಮೇಲೆ "ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು ಸರ್" ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ. ಎರಡೇ ಪ್ರಶ್ನೆ ಕೇಳಿ: ಅವಳಿಗೆ ಏನು ಬೇಕಿತ್ತು? ಮುಂದೆ ಏನಾಗಬಹುದು? ಮೊದಲನೆಯದಕ್ಕೆ ಉತ್ತರ ತಡವರಿಸಿದರೆ ತೊಂದರೆ ಹಂತ 2ರಲ್ಲಿದೆ. ಎರಡನೆಯದಕ್ಕೆ ಜಗಳಾಡಿಕೊಂಡು ಉತ್ತರ ಕೊಟ್ಟರೆ ಓಪನಿಂಗ್ ಕೆಲಸ ಮಾಡುತ್ತಿದೆ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

"ಒಳ್ಳೆಯ ಸಂದೇಶ ಇದೆ" ಅಂತ ಮಕ್ಕಳೇ ಹೇಳಿದರೆ ಹುಷಾರು. ಅದು ಶಾಲೆಯಲ್ಲಿ ಕಲಿತ ಉತ್ತರ, ಸಿನಿಮಾ ಅವರನ್ನು ಮುಟ್ಟಿಲ್ಲ. ಪಾತ್ರದ ಹೆಸರು ಒಬ್ಬರಿಗೂ ನೆನಪಿಲ್ಲದಿದ್ದರೂ ಹಾಗೇ. ಹುಡುಗಿಯರು ಸುಮ್ಮನಾಗಿ ಹುಡುಗರು ಮಾತ್ರ ಮಾತಾಡುತ್ತಿದ್ದರೆ ಬೇರೆ ಬೇರೆಯಾಗಿ ಕೂರಿಸಿ ಮತ್ತೊಮ್ಮೆ ಕೇಳಿ. ಯಾರಾದರೂ ಮೌನವಾಗಿ ಎದ್ದು ಹೋದರೆ ಬೇಜಾರಾಯಿತು ಅಂತ ಅಂದುಕೊಳ್ಳಬೇಡಿ. ದೃಶ್ಯ ಅವರ ಮನೆಗೆ ತೀರಾ ಹತ್ತಿರ ಬಂದಿರಬಹುದು. ಅವರು ನಂಬುವ ಒಬ್ಬ ಶಿಕ್ಷಕಿಗೆ ಮೊದಲೇ ಹೇಳಿಟ್ಟಿರಿ, ಹೊರಗೆ ಅವರ ಜೊತೆ ಮಾತಾಡಲಿ. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಬರೆದಿಡಿ.

ಬದಲಾವಣೆ ಮಾಡಿದ ಮೇಲೆ ಅದೇ ಮಕ್ಕಳಿಗೆ ಮತ್ತೆ ತೋರಿಸಿ ಪ್ರಯೋಜನವಿಲ್ಲ, ಅವರಿಗೆ ಕಥೆ ಗೊತ್ತು. ಬೇರೆ ಊರಿನ, ಬೇರೆ ಕಾಲೇಜಿನ ಹೊಸ ಗುಂಪು ಹುಡುಕಿ. ಎರಡೂ ಗುಂಪಿನಲ್ಲಿ ಫೋನ್ ಬೆಳಕು ಒಂದೇ ಜಾಗದಲ್ಲಿ ಬಂದರೆ ಆ ಜಾಗಕ್ಕೆ ಹತ್ತು ಸೆಕೆಂಡ್ ಹಿಂದೆ ಹೋಗಿ ನೋಡಿ. ತಪ್ಪು ಸಾಮಾನ್ಯವಾಗಿ ಅಲ್ಲಿರುತ್ತದೆ.